ನಿಮಗಿದು ಗೊತ್ತೇ? ‘ಚಾಂಪಿಯನ್’ ನಿಲ್ದಾಣದಿಂದ ಗ್ರೀಸಿನವರೆಗೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿದರೆ ಕೋರಮಂಡಲ್, ಊರ್ಗಾಂ ದಾಟಿದ ಮೇಲೆ ಒಂದು ಪುಟ್ಟ ನಿಲ್ದಾಣ ಬರುತ್ತದೆ. ಹೆಸರು ‘ಚಾಂಪಿಯನ್’. ಈ ಹೆಸರು ಬಂದದ್ದು ಯಾವ ಆಟಗಾರನಿಂದಲೂ ಅಲ್ಲ, ನೆಲದೊಳಗಿನ ಒಂದು ಬಂಡೆಯ ಎಳೆಯಿಂದ ಎಂಬುದು ನಿಮಗೆ ಗೊತ್ತೇ?

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರ ಆಡುಮಾತಿನಲ್ಲಿ, ಒಂದು ಗಣಿಯಲ್ಲಿರುವ ಅದಿರಿನ ಎಳೆಗಳಲ್ಲೆಲ್ಲ ಹಿರಿದಾದದ್ದಕ್ಕೆ ‘ಚಾಂಪಿಯನ್ ಎಳೆ’ ಎನ್ನುತ್ತಾರೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಕಾರ್ನ್‌ವಾಲಿನ ಗಣಿಗಾರರು ಇಲ್ಲಿಗೆ ಬಂದರು. ಅವರ ಮಾತೂ ಅವರೊಂದಿಗೆ ಬಂತು. ಕೆಜಿಎಫ್‌ನ ಅತಿ ಶ್ರೀಮಂತ ಎಳೆ ‘ಚಾಂಪಿಯನ್’ ಎನಿಸಿಕೊಂಡಿತು, ಅದರಿಂದ ಗಣಿ ಚಾಂಪಿಯನ್ ರೀಫ್ ಆಯಿತು. ಭೂವಿಜ್ಞಾನಿ ಸ್ಮೀತ್ ಇಲ್ಲಿನ ಒಂದು ಪುರಾತನ ಶಿಲೆಗೆ ‘ಚಾಂಪಿಯನ್ ನೈಸ್’ ಎಂದೇ ಹೆಸರಿಟ್ಟರು. ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ಈಗಲೂ ಇದೆ.

‘ಚಾಂಪಿಯನ್ ರೀಫ್’ ಎಂಬುದನ್ನು ಗ್ರೀಕಿಗೆ ಅನುವಾದಿಸಬೇಕಾದವನ ಪಾಡು ಯೋಚಿಸಿ. ನಿಘಂಟು ತೆರೆದರೆ ಚಾಂಪಿಯನ್ ಎಂಬುದಕ್ಕೆ ‘ಪ್ರೊತಥ್ಲಿತಿಸ್’ ಎಂದಿರುತ್ತದೆ, ಅಂದರೆ ಕ್ರೀಡೆಯಲ್ಲಿ ಮೊದಲಿಗ. ‘ರೀಫ್’ ಎಂಬುದಕ್ಕೆ ಕಡಲೊಳಗಿನ ಬಂಡೆಸಾಲು ಎಂದಿರುತ್ತದೆ. ಎರಡನ್ನೂ ಜೋಡಿಸಿದರೆ ಮಾರಿಕುಪ್ಪಂ ಸಮುದ್ರದ ದಡಕ್ಕೆ ಹೋಗಿ ನಿಲ್ಲುತ್ತದೆ! ಸರಿಯಾದ ಗ್ರೀಕ್ ಮಾತು ‘ಫ್ಲೆಪ್ಸ್’. ರಕ್ತನಾಳಕ್ಕೂ ಅದಿರಿನ ಎಳೆಗೂ ಅದೊಂದೇ ಪದ.

ಅದಿರಲಿ, ‘ಚಾಂಪಿಯನ್’ ಪದ ಗ್ರೀಕ್ ಮೂಲದ್ದೇ ಅಲ್ಲ. ಲ್ಯಾಟಿನ್ನಿನ ‘ಕಾಂಪುಸ್’ ಎಂದರೆ ಬಯಲು. ಬಯಲಿಗಿಳಿದು ಕಾದುವವನು ‘ಕಾಂಪಿಯೋ’, ಅಲ್ಲಿಂದ ಚಾಂಪಿಯನ್. ನಾವು ಇದನ್ನು ದೂರದಿಂದ ಕಲಿಯಬೇಕಿಲ್ಲ. ರಾಗಿ ತೆನೆ ಬಡಿಯುವ ಕಣವೇ ನಮ್ಮಲ್ಲಿ ಕುಸ್ತಿಯ ಕಣ, ಚುನಾವಣೆಯ ಕಣ ಆಗಿಲ್ಲವೇ? ಚಾಂಪಿಯನ್ ಎಂದರೆ ಮೂಲದಲ್ಲಿ ‘ಕಣಕ್ಕಿಳಿದವನು’, ಅಷ್ಟೇ. ಗೆದ್ದವನು ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು.

ಗ್ರೀಕರ ಬಳಿ ಇದಕ್ಕೆ ಒಂದೇ ಪದವಿಲ್ಲ, ಪದಗಳ ಒಂದು ಪಡೆಯೇ ಇದೆ. ಎಲ್ಲರಿಗಿಂತ ಮುಂದೆ ನಿಂತು ಕಾದುವವನು ‘ಪ್ರೊಮಖೊಸ್’. ಇನ್ನೊಬ್ಬರ ಪರವಾಗಿ ಕಾದುವವನು ‘ಹ್ಯುಪೆರ್ಮಖೊಸ್’. ‘ಮಖೇ’ ಎಂದರೆ ಕಾಳಗ. ಮೊದಲ ಪದದ ‘ಪ್ರೊ’ ನಮಗೆ ಗೊತ್ತಿರುವ ‘ಪ್ರ’ ಉಪಸರ್ಗದ ಬಂಧು, ಎರಡನೆಯದರ ‘ಹ್ಯುಪೆರ್’ ಸಂಸ್ಕೃತದ ‘ಉಪರಿ’ಯ ಬಂಧು. ಕ್ರೀಡೆಯಲ್ಲಿ ಗೆದ್ದವನಿಗೆ ಮಾತ್ರ ‘ಪ್ರೊತಥ್ಲಿತಿಸ್’ ಹೊಂದುತ್ತದೆ. ಅದರೊಳಗಿನ ‘ಆಥ್ಲೊನ್’ ಎಂದರೆ ಬಹುಮಾನ. ಹೀಗಾಗಿ ‘ಬಡವರ ಚಾಂಪಿಯನ್’ ಎಂಬ ಇಂಗ್ಲಿಷ್ ಮಾತನ್ನು ಪ್ರೊತಥ್ಲಿತಿಸ್ ಎಂದು ಗ್ರೀಕಿಗೆ ತಂದರೆ ಬಡತನದ ಓಟದಲ್ಲಿ ಮೊದಲು ಬಂದವನು ಎಂದಾಗಿಬಿಡುತ್ತದೆ. ಅಲ್ಲಿ ಹ್ಯುಪೆರ್ಮಖೊಸ್ ಬೇಕು. ಯಾರಿಗಾಗಿ ನಿಂತಿದ್ದಾನೆ ಎಂದು ಕೇಳದೆ ಈ ಪದವನ್ನು ಯಾವ ಭಾಷೆಗೂ ತರಬಾರದು.

ಈಗ ಕೆಜಿಎಫ್‌ನ ಆಂಡರ್ಸನ್‌ಪೇಟೆಗೆ ಬನ್ನಿ. ಈ ಪೇಟೆಯ ಹೆಸರಿನೊಳಗೇ ಒಬ್ಬ ಗ್ರೀಕ್ ವೀರ ಕೂತಿದ್ದಾನೆ, ಗೊತ್ತೇ? ಆಂಡರ್ಸನ್ ಎಂದರೆ ಆಂಡ್ರ್ಯೂವಿನ ಮಗ. ಆಂಡ್ರ್ಯೂ ಎಂಬುದು ಗ್ರೀಕಿನ ‘ಆಂದ್ರೆಯಾಸ್’. ಅದರ ಬೇರು ‘ಆನೇರ್’, ಅಂದರೆ ಗಂಡಸು. ವಿಭಕ್ತಿ ಹತ್ತಿದಾಗ ಅದೇ ‘ಆಂದ್ರೋಸ್’ ಆಗುತ್ತದೆ. ಸಂಸ್ಕೃತದ ನೃ, ನರ ಇವು ಇದರ ಒಡಹುಟ್ಟಿದ ಪದಗಳು. ಗ್ರೀಕಿನಲ್ಲಿ ಧೈರ್ಯಕ್ಕೆ ‘ಆಂದ್ರೇಯ’ ಎನ್ನುತ್ತಾರೆ. ಪುರುಷನಿಂದ ‘ಪೌರುಷ’ ಬಂದ ಹಾಗೆಯೇ ಇದೂ. ಇನ್ನೂ ಸೊಗಸಾದ ಹೋಲಿಕೆ ಅಚ್ಚ ಕನ್ನಡದಲ್ಲಿದೆ. ಗ್ರೀಕಿನ ಆನೇರ್‌ಗೆ ಗಂಡಸು, ಪತಿ, ಶೂರ ಎಂಬ ಮೂರೂ ಅರ್ಥಗಳಿವೆ. ಕನ್ನಡದ ‘ಗಂಡ’ನಿಗೂ ಅವೇ ಮೂರು ಅರ್ಥ. ‘ಗಂಡುಗಲಿ’ ಎನ್ನುತ್ತೇವೆ. ವಿಜಯನಗರದ ಅರಸರ ಬಿರುದು ‘ಮೂರುರಾಯರ ಗಂಡ’. ಅಲ್ಲಿ ‘ಗಂಡ’ ಎಂದರೆ ಆ ಮೂವರನ್ನು ಮಣಿಸಿದ ವೀರ. ಹಾಗಾಗಿ ಆಂಡರ್ಸನ್‌ಪೇಟೆಯನ್ನು ಬೇರು ಹಿಡಿದು ಕನ್ನಡಿಸಿದರೆ ‘ಗಂಡುಗಲಿಯ ಮಗನ ಪೇಟೆ’!

ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ಗ್ರೀಕ್ ಇಲ್ಲ. ರಾಬರ್ಟ್ ಹಳೆಯ ಜರ್ಮಾನಿಕ್ ಹೆಸರು, ಕೀರ್ತಿಯಿಂದ ಬೆಳಗುವವನು ಎಂದರ್ಥ. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆಯಾಗಿತ್ತು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಲ್ಲಿ. ಊರಿನ ಹೆಸರು ಬದಲಾದರೂ ರೈಲ್ವೆಯ ಸಂಕೇತಾಕ್ಷರ ‘ಬಿಡಬ್ಲ್ಯೂಟಿ’ ಎಂದೇ ಉಳಿದಿದೆ.

ಕೆಜಿಎಫ್‌ನಲ್ಲಿ ಅಲೆಗ್ಸಾಂಡರ್ ಎಂಬ ಹೆಸರಿನವರೂ ಇದ್ದಾರೆ, ಸಿಕಂದರ್ ಎಂಬ ಹೆಸರಿನವರೂ ಇದ್ದಾರೆ. ಒಬ್ಬರು ಚರ್ಚಿಗೆ ಹೋದರೆ ಇನ್ನೊಬ್ಬರು ಮಸೀದಿಗೆ ಹೋಗುತ್ತಾರೆ. ಎರಡೂ ಒಂದೇ ಹೆಸರು ಎಂಬುದು ಗೊತ್ತೇ? ‘ಅಲೆಕ್ಸೈನ್’ ಎಂದರೆ ಬರುವ ಏಟನ್ನು ತಡೆ, ಕಾಪಾಡು. ‘ಆಂದ್ರೋಸ್’ ಆಂಡರ್ಸನ್‌ಪೇಟೆಯ ಅದೇ ನರ. ಅಲೆಕ್ಸಾಂದ್ರೊಸ್ ಎಂದರೆ ಜನರನ್ನು ಕಾಯುವವನು. ಅರಬ್ಬರ ಬಾಯಲ್ಲಿ ಮೊದಲಿನ ‘ಅಲ್’ ತಮ್ಮ ಭಾಷೆಯ ಪೂರ್ವಪ್ರತ್ಯಯದಂತೆ ಕೇಳಿಸಿ, ಉಳಿದದ್ದು ಇಸ್ಕಂದರ್ ಆಯಿತು, ಆಮೇಲೆ ಸಿಕಂದರ್ ಆಯಿತು. ಮುಂದಿನದು ಇನ್ನೂ ವಿಶೇಷ. ‘ಗೆದ್ದವನೇ ಸಿಕಂದರ್’ ಎಂಬ ಹಿಂದೂಸ್ತಾನಿ ನುಡಿ ನಮಗೆಲ್ಲ ಗೊತ್ತು. ಕಾಯುವವನು ಎಂಬ ಅರ್ಥದಿಂದ ಹೊರಟ ಪದ, ಗೆಲ್ಲುವವನು ಎಂಬ ಅರ್ಥಕ್ಕೆ ಬಂದು ನಿಂತಿದೆ. ಚಾಂಪಿಯನ್ ನಡೆದ ದಾರಿಯೂ ಅದೇ.

ಚಕ್ರವರ್ತಿ ಅಲೆಗ್ಸಾಂಡರನ ಅಜ್ಜ ಮ್ಯಾಸಿಡೋನಿಯದ ದೊರೆ ಮೂರನೆಯ ಅಮಿಂತಾಸ್. ಆ ಹೆಸರಿನ ಅರ್ಥವೂ ರಕ್ಷಕ ಎಂದೇ! ‘ಅಮ್ಯುನೈನ್’ ಎಂದರೆ ತಡೆದು ಕಾಪಾಡು. ಇಂದಿನ ಗ್ರೀಸಿನಲ್ಲಿ ಫುಟ್‌ಬಾಲ್ ಡಿಫೆಂಡರ್‌ಗೆ ‘ಅಮಿಂದಿಕೊಸ್’ ಎನ್ನುತ್ತಾರೆ, ಬೇರು ಅದೇ.

ನಮ್ಮ ಪತ್ರಿಕೆಗಳು ‘ಡಿಫೆಂಡಿಂಗ್ ಚಾಂಪಿಯನ್’ ಎಂಬುದನ್ನು ‘ಹಾಲಿ ಚಾಂಪಿಯನ್’ ಎಂದು ಬರೆಯುತ್ತವೆ. ಒಳ್ಳೆಯ ಅನುವಾದ. ಕಾಪಾಡುವ ಮಾತನ್ನು ಕೈಬಿಟ್ಟು, ಪಟ್ಟ ಈಗ ಯಾರ ಬಳಿ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಗ್ರೀಕರ ಒಂದು ಪದವೂ ಹಾಗೆಯೇ ಇದೆ. ಅವರು ‘ಕಾತೊಖೊಸ್’ ಎನ್ನುತ್ತಾರೆ, ಪಟ್ಟವನ್ನು ಹಿಡಿದಿರುವವನು. ಆ ‘ಹಿಡಿ’ ಎಂಬ ಧಾತುವಿನಿಂದಲೇ ಟ್ರಾಯ್ ನಗರದ ಮಹಾವೀರ ಹೆಕ್ಟರನ ಹೆಸರೂ ಬಂದಿದೆ. ಹೆಕ್ಟರ್ ಎಂದರೆ ಹಿಡಿದು ನಿಲ್ಲಿಸಿದವನು. ಟ್ರಾಯ್ ನಿಂತದ್ದು ಅವನೊಬ್ಬನಿಂದ ಎಂಬ ಕಾರಣಕ್ಕೇ ಊರಿನವರು ಅವನ ಕೂಸನ್ನು ‘ಅಸ್ತ್ಯಾನಾಕ್ಸ್’, ಅಂದರೆ ಊರ ಒಡೆಯ ಎಂದು ಕರೆಯುತ್ತಿದ್ದರೆಂದು ಹೋಮರ್ ಹೇಳುತ್ತಾನೆ.

ಬೈಬಲ್ಲಿನ ದೈತ್ಯ ಗೊಲ್ಯಾತನ ಕಥೆ ಗಣಿಯ ಭಾನುವಾರ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಇಂಗ್ಲಿಷ್ ಬೈಬಲ್ಲಿನಲ್ಲಿ ಅವನು ‘ಚಾಂಪಿಯನ್’. ಮೂಲ ಹೀಬ್ರೂವಿನಲ್ಲಿ ಅವನನ್ನು ಕರೆದದ್ದು ‘ನಡುವಿನವನು’ ಎಂದು! ಎರಡು ಸೇನೆಗಳ ನಡುವಿನ ಬಯಲಿಗೆ ಒಬ್ಬನೇ ಬಂದು ನಿಲ್ಲುವವನು. ಪ್ರಾಚೀನ ಗ್ರೀಕ್ ಅನುವಾದಕರು ಒಂದು ಕಡೆ ‘ಬಲಶಾಲಿ’ ಎಂದು ಸುಮ್ಮನಾದರು, ಇನ್ನೊಂದು ಕಡೆ ‘ನಡುವೆ ಇರುವವನು’ ಎಂದು ಮೂಲಕ್ಕೆ ಹತ್ತಿರ ಬಂದರು. ಎರಡನೆಯದು ನನಗೆ ಹೆಚ್ಚು ಇಷ್ಟ.

ಅದೇ ಅನುವಾದಕರು ಬೈಬಲ್ಲಿನ ಕೀರ್ತನೆಗಳಲ್ಲಿ ಬೇರೆ ದಾರಿ ಹಿಡಿದರು. ಹೀಬ್ರೂ ಕವಿ ದೇವರನ್ನು ‘ನನ್ನ ಗುರಾಣಿ’ ಎನ್ನುವ ಹಲವು ಕಡೆ, ಗ್ರೀಕಿನಲ್ಲಿ ‘ಹ್ಯುಪೆರಸ್ಪಿಸ್ತೆಸ್’ ಎಂದು ಬರೆದರು. ‘ಆಸ್ಪಿಸ್’ ಎಂದರೆ ಗುರಾಣಿ, ‘ಹ್ಯುಪೆರ್’ ಎಂದರೆ ಉಪರಿ. ಹಾಗೆಂದರೆ, ಇನ್ನೊಬ್ಬನ ಮೇಲೆ ತನ್ನ ಗುರಾಣಿಯನ್ನು ಅಡ್ಡ ಹಿಡಿಯುವವನು. ಕನ್ನಡ ಬೈಬಲ್ ‘ಗುರಾಣಿ’ ಎಂದೇ ಉಳಿಸಿಕೊಂಡಿತು. ಇಂದಿನ ಗ್ರೀಕಿನಲ್ಲೂ ರಕ್ಷಕನಿಗೆ ಇದೇ ಪದ, ‘ಇಪೆರಸ್ಪಿಸ್ತಿಸ್’. ಡಿಫೆಂಡರ್ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಪದ ನನಗೆ ಬೇರೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಏಟು ಬೀಳಬೇಕಾದದ್ದು ನಿನ್ನ ಮೇಲೆ, ಗುರಾಣಿ ಅವನದು, ಕೈ ಅವನದು.

ಗುರಾಣಿಯ ಮಾತು ಬಂದರೆ ಹೋಮರನ ಅಯಾಸ್ ನೆನಪಾಗಬೇಕು, ಇಂಗ್ಲಿಷರ ಏಜಾಕ್ಸ್. ಅವನ ಗುರಾಣಿ ಬುರುಜಿನಷ್ಟು ದೊಡ್ಡದು, ಏಳು ಪದರ ಎತ್ತಿನ ಚರ್ಮ, ಅದರ ಮೇಲೆ ಎಂಟನೆಯದು ಕಂಚು. ಗ್ರೀಕರ ಕೋಟೆಗೋಡೆ ಎಂದೇ ಅವನ ಬಿರುದು. ಈ ಅಯಾಸ್ ಕನ್ನಡಕ್ಕೆ ಬಂದಿದ್ದಾನೆ. ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರು. ಗುರಾಣಿಯ ವೀರನಿಗೆ ಬದಲಾಗಿ ಅವರು ಆರಿಸಿಕೊಂಡದ್ದು ರಾತ್ರಿಯ ಕೊಲೆಗಾರನನ್ನು! ಯಾಕೆಂದರೆ ಸಾಫೊಕ್ಲಿಸನ ನಾಟಕದಲ್ಲಿ ಉರಿಯುವುದು ಅವಮಾನದ ಸಿಟ್ಟು, ಆ ಸಿಟ್ಟಿಗೆ ಮಹಾಭಾರತದಲ್ಲಿ ಅಶ್ವತ್ಥಾಮನೇ ಸರಿ. ಆಚಾರ್ಯರು ಹೆಸರಿನ ಜಾಡು ಹಿಡಿಯದೆ ಭಾವದ ಜಾಡು ಹಿಡಿದರು. 1935ರಲ್ಲಿ ಅವರೇ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು.

ಗ್ರೀಕ್–ಕನ್ನಡ ನಂಟು ಅದಕ್ಕಿಂತ ಬಹಳ ಹಳೆಯದು ಎನ್ನುವವರಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಎರಡನೆಯ ಶತಮಾನದ ಪಪೈರಸ್ ಸಂಖ್ಯೆ 413 ಒಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಯಾದ ಒಬ್ಬ ಗ್ರೀಕ್ ಹೆಣ್ಣುಮಗಳನ್ನು ಅವಳ ಸೋದರ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡ ಎಂದು 1904ರಲ್ಲಿ ವಿದ್ವಾಂಸ ಹುಲ್ಷ್ ವಾದಿಸಿದರು. ಕಾಸರಗೋಡಿನ ಮಂಜೇಶ್ವರದ ಗೋವಿಂದ ಪೈಗಳೂ ಅದರ ಹಿಂದೆ ಬಿದ್ದು ಅರ್ಥ ಹುಡುಕಿದರು. ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮತ್ತೆ ಚಾಂಪಿಯನ್ ರೀಫಿಗೆ. ಈ ಗಣಿ ನಿಜವಾಗಿ ‘ಹ್ಯುಪೆರಸ್ಪಿಸ್ತೆಸ್’ ಆಗಿತ್ತು, ಗೊತ್ತೇ? ಆಕಾಶದಿಂದ ಎಡೆಬಿಡದೆ ಸುರಿಯುವ ಕಾಸ್ಮಿಕ್ ಕಣಗಳ ಮಳೆಯಲ್ಲಿ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣವನ್ನು ಹಿಡಿಯುವುದು, ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಉಪಕರಣಗಳ ಮೇಲೆ ಭಾರೀ ಗುರಾಣಿ ಬೇಕು. ಆ ಗುರಾಣಿ ಆದದ್ದು ಚಾಂಪಿಯನ್ ರೀಫಿನ ಬಂಡೆ. ಹೀತ್‌ಕೋಟ್ ಶಾಫ್ಟಿನಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲೇ ಇಂಥ ಮೊದಲ ಪತ್ತೆಗಳಲ್ಲಿ ಅದೊಂದು. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ ಹುಟ್ಟಿದವರು. ಅವರು 1950ರ ದಶಕದ ಆರಂಭದಿಂದಲೇ ಈ ಗಣಿಯಲ್ಲಿ ಪ್ರಯೋಗ ನಡೆಸುತ್ತಿದ್ದರು.

1980ರ ದಶಕದಲ್ಲಿ ಇದೇ ಆಳದಲ್ಲಿ ಪ್ರೋಟಾನ್ ಎಂಬ ಕಣ ಸಾಯುತ್ತದೆಯೇ ಎಂದು ಕಾದು ನೋಡಿದರು. ಆ ಹೆಸರಿನೊಳಗಿನ ‘ಪ್ರೋತೊಸ್’ ಎಂದರೆ ಗ್ರೀಕಿನಲ್ಲಿ ಮೊದಲನೆಯದು. ಪ್ರೊತಥ್ಲಿತಿಸ್‌ನಲ್ಲಿರುವ ಅದೇ ಮೊದಲು.

ಉಪಕರಣಗಳಿಗೆ ಗುರಾಣಿಯಾದ ಬಂಡೆ ಮನುಷ್ಯರಿಗೆ ಹಾಗಿರಲಿಲ್ಲ. ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಲ್ಲಿ ಕಲ್ಲಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿತ್ತು. ಮೇಲಿನ ಭಾರಕ್ಕೆ ಕಲ್ಲು ಒಮ್ಮೆಲೇ ಸಿಡಿಯುತ್ತಿತ್ತು. ಆಗ ಮೇಲಿನ ಮನೆಗಳಲ್ಲಿ ಪಾತ್ರೆಗಳು ಕಡಕಡ ಅಲುಗುತ್ತಿದ್ದವು. ಒಲೆಯ ಮುಂದೆ ಕೂತ ಹೆಂಗಸಿಗೆ, ಈಗ ಪಾಳಿಯಲ್ಲಿರುವವರು ಯಾರು ಎಂದು ಯಾರೂ ಹೇಳಬೇಕಿರಲಿಲ್ಲ.

ಕೋಲಾರ ಸೀಮೆಯ ಹೊಲಗಳಲ್ಲಿ, ಕೆರೆ ಏರಿಗಳಲ್ಲಿ ವೀರಗಲ್ಲುಗಳು ಎಷ್ಟೋ ಇವೆ. ಈ ಜಿಲ್ಲೆಯ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟವನ್ನೇ ಮೀಸಲಿಟ್ಟು ಬಿ.ಎಲ್. ರೈಸ್ 1905ರಲ್ಲಿ ಹೊರತಂದರು. ಒಂದು ವೀರಗಲ್ಲಿನ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಕಾಳಗ, ಬಾಣ, ಕತ್ತಿ, ಒಂದು ಬದಿಗೆ ಹಸುಗಳು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲೆತ್ತುತ್ತಿದ್ದಾರೆ. ತುದಿಯಲ್ಲಿ ಅವನು ದೇವರ ಎದುರು ಕೂತಿದ್ದಾನೆ. ಇಂಥ ಕಲ್ಲುಗಳಲ್ಲಿ ಬಹಳಷ್ಟು ‘ತುರುಗೊಳ್’ ಹೋರಾಟದವು, ಅಂದರೆ ಕದ್ದೊಯ್ದ ಊರ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನವು. ರಾಜ್ಯ ಗೆದ್ದವನಿಗಲ್ಲ, ಹಸು ಉಳಿಸಿದವನಿಗೆ ಈ ಕಲ್ಲು. ಹ್ಯುಪೆರ್ಮಖೊಸ್ ಎಂಬ ಗ್ರೀಕ್ ಪದವನ್ನು ಕನ್ನಡದಲ್ಲಿ ತೋರಿಸಬೇಕಾದರೆ ನಾನು ನಿಘಂಟು ತೆರೆಯುವುದಿಲ್ಲ, ಕೋಲಾರದ ಒಂದು ವೀರಗಲ್ಲಿನ ಮುಂದೆ ಕರೆದೊಯ್ದು ನಿಲ್ಲಿಸುತ್ತೇನೆ.

ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಯ ಹೆಸರು ‘ನೆತ್ತರುಗೊಡಗೆ’. ಹಲ್ಮಿಡಿ ಶಾಸನದಲ್ಲಿ, ಅಂದರೆ ಸುಮಾರು ಐದನೆಯ ಶತಮಾನದಲ್ಲೇ, ‘ಬಾಳ್ಗಳ್ಚು’ ಎಂಬ ಪದವಿದೆ. ಕತ್ತಿ ತೊಳೆದು ವೀರನಿಗೆ ಕೊಟ್ಟ ದತ್ತಿ ಅದು.

ಒಡೆಯನ ಮೈಗಾವಲಿಗೆ ನಿಂತವರಿಗೆ ಹೊಯ್ಸಳರಲ್ಲಿ ‘ಗರುಡ’ ಎಂಬ ಹೆಸರು. ಒಡೆಯ ಸತ್ತರೆ ತಾವೂ ಬದುಕುವುದಿಲ್ಲ ಎಂಬ ಭಾಷೆ ಕೊಟ್ಟವರು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಆ ಭಾಷೆ ಉಳಿಸಿಕೊಂಡದ್ದನ್ನು ಹಳೇಬೀಡಿನ ಕಂಬ ಹೇಳುತ್ತದೆ. ಅಲೆಗ್ಸಾಂಡರನ ಬಳಿಯೂ ಏಳು ಮಂದಿ ‘ಸೊಮಾತೊಫ್ಯುಲಾಕೆಸ್’ ಇದ್ದರು, ಪದದ ಅರ್ಥ ಮೈಗಾವಲಿನವರು ಎಂದೇ. ಒಡೆಯ ಸತ್ತ ಮೇಲೆ ಅವರಲ್ಲಿ ಟಾಲೆಮಿ ಈಜಿಪ್ಟಿನ ದೊರೆಯಾದ, ಲಿಸಿಮಾಕಸ್ ಥ್ರೇಸಿನ ದೊರೆಯಾದ. ಪದ ಒಂದೇ ಇದ್ದರೂ ಅದರ ಹಿಂದಿನ ಕಟ್ಟುಪಾಡು ಬೇರೆ ಎಂಬುದಕ್ಕೆ ಇಷ್ಟು ಸಾಕು.

ಗೆದ್ದವನಿಗೆ ಗ್ರೀಕರು ತಲೆಗೆ ಎಲೆಗಳ ಕಿರೀಟ ತೊಡಿಸಿದರು, ಅದರ ಹೆಸರು ‘ಸ್ತೆಫಾನೊಸ್’. ನಾವು ಕಾಲಿಗೆ ಗಂಡಪೆಂಡಾರ ತೊಡಿಸಿದೆವು. ನಿಮ್ಮ ಬೀದಿಯಲ್ಲಿ ಸ್ಟೀಫನ್ ಇದ್ದರೆ ಹೇಳಿ, ಅವರ ಹೆಸರೇ ಒಂದು ವಿಜಯಮಾಲೆ ಎಂದು.

ಅಥೆನ್ಸಿನ ಆಕ್ರೊಪೊಲಿಸ್ ಮೇಲೆ ಶಿಲ್ಪಿ ಫಿಡಿಯಾಸ್ ನಿಲ್ಲಿಸಿದ ಅಥೀನಾ ದೇವಿಯ ಕಂಚಿನ ಮೂರ್ತಿಗೆ ‘ಪ್ರೊಮಖೊಸ್’ ಎಂದೇ ಹೆಸರು. ಅದರ ಈಟಿಯ ಮೊನೆ ದೂರದ ಕಡಲಿನಿಂದ ಬರುವ ನಾವಿಕರಿಗೆ ಕಾಣುತ್ತಿತ್ತೆಂದು ಪ್ರಾಚೀನ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಊರು ಕಾಯುವವಳು ಹೆಣ್ಣುದೇವತೆ ಎಂಬುದು ಕೋಲಾರಮ್ಮನ ನಾಡಿನವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಕನ್ನಡದ ಅತ್ಯಂತ ಚಿಕ್ಕ, ಅತ್ಯಂತ ದೊಡ್ಡ ಪದವನ್ನು ಕೊನೆಗಿಟ್ಟುಕೊಂಡಿದ್ದೇನೆ. ‘ಕಾಯು’. ಗಡಿ ಕಾಯುತ್ತೇವೆ, ದನ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಗ್ರೀಕಿನ ಅಮ್ಯುನೈನ್, ಅಲೆಕ್ಸೈನ್, ಇಂಗ್ಲಿಷಿನ ಡಿಫೆಂಡ್ ಎಲ್ಲವೂ ಮೂಲದಲ್ಲಿ ಏಟು ತಡೆಯುವ ಪದಗಳು. ಕನ್ನಡದಲ್ಲಾದರೋ ರಕ್ಷಿಸುವುದಕ್ಕೂ ಎದುರು ನೋಡುತ್ತ ನಿಲ್ಲುವುದಕ್ಕೂ ಒಂದೇ ಕ್ರಿಯಾಪದ. ಈ ಮಾತಿನ ಪೂರ್ತಿ ತೂಕ ತಿಳಿದವರು ಗಣಿಯ ಮನೆಗಳವರು. ಕಲ್ಲು ಸಿಡಿದ ದಿನ ಶಾಫ್ಟಿನ ಬಾಯಲ್ಲಿ ಸೆರಗು ಬಿಗಿಹಿಡಿದು ನಿಂತವರು, ಗಣಿಗಾರರನ್ನು ಹೊತ್ತ ಪಂಜರ ಮೇಲೆ ಬರುವವರೆಗೂ ಕಾದವರು. ಆ ತೂಕವನ್ನು ಗ್ರೀಕಿಗೆ ಒಂದೇ ಪದದಲ್ಲಿ ತರುವುದು ಕಷ್ಟ.

ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ಕಾರ್ನ್‌ವಾಲಿನ ಇಂಗ್ಲಿಷ್, ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಬೆರೆತ ಗಣಿಮಾತು ಒಂದಿತ್ತು. ಆ ಪದಗಳೀಗ ಹಿರಿಯರ ಬಾಯಲ್ಲಿ ಮಾತ್ರ ಇವೆ. ಆಂಡರ್ಸನ್‌ಪೇಟೆಯ, ಚಾಂಪಿಯನ್ನಿನ, ಮಾರಿಕುಪ್ಪಂನ ಓದುಗರೇ, ನಿಮ್ಮ ಮನೆಯಲ್ಲಿ ಶಾಫ್ಟಿಗೆ ಇಳಿದವರು ಇದ್ದರೆ ಈ ಭಾನುವಾರ ಅವರ ಪಕ್ಕ ಕೂತು, ಅವರು ಹೇಳುವ ಒಂದೊಂದು ಪದವನ್ನೂ ಅರ್ಥಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.